ಕೀಟೋ ಊಟದ ಲೆಕ್ಕ ಪ್ರೋಟೀನಿನಿಂದ ಶುರುವಾಗಲಿ

ಪ್ರಶ್ನೆ: ನನಗೆ 42 ವರ್ಷ. ಎತ್ತರ 160 ಸೆಂ.ಮೀ., ಈಗಿನ ತೂಕ 68 ಕೆ.ಜಿ. ತೂಕ ಇಳಿಸಬೇಕೆಂದು ಕೀಟೋ ಡಯಟ್ (ಅನ್ನ, ಸಕ್ಕರೆಯಂಥವುಗಳಲ್ಲಿರುವ ಕಾರ್ಬೊಹೈಡ್ರೇಟ್ ಅಂದರೆ ಕಾರ್ಬ್ ತೀರಾ ಕಡಿಮೆ ಮಾಡುವ ಪಥ್ಯ) ಶುರುಮಾಡಿ ಮೂರು ವಾರವಾಯಿತು. ಮೊದಲ ವಾರ ಮೂರು ಕೆ.ಜಿ. ಇಳಿಯಿತು, ಆಮೇಲೆ ತಕ್ಕಡಿಯ ಮುಳ್ಳು ಅಲುಗಾಡುತ್ತಿಲ್ಲ. ಬೆಳಿಗ್ಗೆ ಎರಡು ದೊಡ್ಡ ಚಮಚ ಬೆಣ್ಣೆ ಹಾಕಿದ ಕಾಫಿ ಕುಡಿಯುತ್ತೇನೆ. ಮಧ್ಯಾಹ್ನ ಮೂರು ತುಂಡು ಚೀಸ್ ಮತ್ತು ಒಂದು ಹಿಡಿ ಗೋಡಂಬಿ, ರಾತ್ರಿ ಎರಡು ಮೊಟ್ಟೆಯ ಆಮ್ಲೆಟ್. ನಡುವೆ ಹಸಿವಾದರೆ ‘ಕೀಟೋ’ ಎಂದು ಬರೆದಿರುವ ಬಿಸ್ಕತ್ತು. ಸುಸ್ತು, ತಲೆನೋವು, ರಾತ್ರಿ ಮೀನಖಂಡದ ಸೆಳೆತ, ಮಲಬದ್ಧತೆ ಎಲ್ಲವೂ ಇದೆ. ಮನೆಯವರಿಗೆ ಒಂದು ಅಡುಗೆ, ನನಗೆ ಇನ್ನೊಂದು. ಸಂಜೆಯಾದರೆ ಏನು ಮಾಡಲಿ ಅನ್ನುವುದೇ ತಲೆಬಿಸಿ. ಸಕ್ಕರೆ ಕಾಯಿಲೆ, ಬಿಪಿ ಇಲ್ಲ, ಯಾವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿಲ್ಲ. ದಿನದ ಊಟವನ್ನು ಹೇಗೆ ಯೋಜಿಸಿಕೊಳ್ಳಲಿ? ಇದನ್ನು ಎಷ್ಟು ಕಾಲ ಮಾಡಬಹುದು?

ಉತ್ತರ: ನಿಮ್ಮ ದಿನದ ಆಹಾರವನ್ನು ನೀವು ಬರೆದು ಕಳಿಸಿದ್ದು ಒಳ್ಳೆಯದಾಯಿತು, ಏಕೆಂದರೆ ಸುಸ್ತಿನ ಒಂದು ಕಾರಣ ಅದರಲ್ಲೇ ಇದೆ. ಚೀಸ್ ಸುಮಾರು 60 ಗ್ರಾಂ ಎಂದುಕೊಂಡರೆ ಅದರಿಂದ 15 ಗ್ರಾಂ ಪ್ರೋಟೀನ್, 50 ಗ್ರಾಂ ಗೋಡಂಬಿಯಿಂದ 9 ಗ್ರಾಂ, ಎರಡು ಮೊಟ್ಟೆಯಿಂದ 12 ಗ್ರಾಂ. ಬಿಸ್ಕತ್ತಿನದು ಚೂರುಪಾರು ಸೇರಿಸಿದರೂ ಇಡೀ ದಿನಕ್ಕೆ 40 ಗ್ರಾಂ ದಾಟುವುದು ಕಷ್ಟ. ನಿಮಗೆ ಬೇಕಾಗಿರುವುದು ಅದರ ಎರಡರಷ್ಟು. ತರಕಾರಿಯ ಹೆಸರೇ ಇಲ್ಲ. ಕಾರ್ಬ್ ಕಡಿಮೆ ಮಾಡುವ ಭರದಲ್ಲಿ ಊಟವೇ ಕಡಿಮೆಯಾಗಿದೆ, ಆ ಜಾಗಕ್ಕೆ ಬೆಣ್ಣೆ ಬಂದು ಕುಳಿತಿದೆ.

ಕೀಟೋ ಅಂದರೆ ಕೊಬ್ಬು ತಿನ್ನುವ ಪಥ್ಯ ಎಂಬ ನಂಬಿಕೆ ಎಲ್ಲಿಂದ ಬಂತು ಅನ್ನುವುದನ್ನು ಒಂದು ಮಾತಿನಲ್ಲಿ ಹೇಳಬೇಕು. ಇದನ್ನು 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯ ರಸೆಲ್ ವೈಲ್ಡರ್ ಮೂರ್ಛೆ ರೋಗದ ಚಿಕಿತ್ಸೆಗೆಂದು ಸೂಚಿಸಿದರು. ಆ ಶಾಸ್ತ್ರೀಯ ರೂಪದಲ್ಲಿ ಪ್ರೋಟೀನ್ ಮತ್ತು ಕಾರ್ಬ್ ಎರಡೂ ಸೇರಿ 1 ಗ್ರಾಂ ಇದ್ದರೆ ಕೊಬ್ಬು 4 ಗ್ರಾಂ. ಅಂದರೆ ಕ್ಯಾಲೊರಿಯ ಸುಮಾರು ಶೇ. 90 ಕೊಬ್ಬಿನಿಂದಲೇ. ಔಷಧಿಗೆ ಬಗ್ಗದ ಮೂರ್ಛೆ ಇರುವ ಮಕ್ಕಳಿಗೆ ಇಂದಿಗೂ ಆಸ್ಪತ್ರೆಯ ನಿಗಾದಲ್ಲಿ, ಗ್ರಾಂ ತೂಗಿ ಇದನ್ನು ಕೊಡುತ್ತಾರೆ. ಅಲ್ಲಿ ರಕ್ತದಲ್ಲಿ ಕೀಟೋನ್ (ಕೊಬ್ಬು ಉರಿದಾಗ ಯಕೃತ್ತಿನಲ್ಲಿ ಹುಟ್ಟುವ ವಸ್ತು) ಮಟ್ಟ ಎತ್ತರದಲ್ಲಿರಬೇಕು, ಅದೇ ಚಿಕಿತ್ಸೆ. ನಿಮ್ಮ ಉದ್ದೇಶ ಬೇರೆ. ನಿಮ್ಮ ಮೈಯಲ್ಲಿ ಈಗಾಗಲೇ ಇರುವ ಕೊಬ್ಬು ಕರಗಬೇಕು, ಸ್ನಾಯು ಉಳಿಯಬೇಕು. ಹಾಗಿರುವಾಗ ಬೆಣ್ಣೆ ಸುರಿದುಕೊಂಡರೆ ದೇಹ ಮೊದಲು ಆ ಬೆಣ್ಣೆಯನ್ನೇ ಉರಿಸುತ್ತದೆ. ನಿಮ್ಮ ಕಾಫಿಯಲ್ಲಿರುವ ಎರಡು ಚಮಚ ಬೆಣ್ಣೆ 200 ಕ್ಯಾಲೊರಿ, ಪ್ರೋಟೀನ್ ಮಾತ್ರ ಸೊನ್ನೆ.

ಹಾಗಾಗಿ ಮೂರು ಅಂಶಗಳಿಗೆ ಮೂರು ಬೇರೆ ಬೇರೆ ಸ್ಥಾನ ಕೊಡಿ. ಕಾರ್ಬ್ ಒಂದು ಮಿತಿ, ಅದನ್ನು ದಾಟಬಾರದು. ಪ್ರೋಟೀನ್ ಒಂದು ಗುರಿ, ಅದನ್ನು ದಿನಾ ಮುಟ್ಟಲೇಬೇಕು. ಕೊಬ್ಬು ಹೊಟ್ಟೆ ತುಂಬಲು, ರುಚಿಗೆ ಬೇಕಾದಷ್ಟು. ಹಸಿವಾದರೆ ಹೆಚ್ಚಿಸಿ, ಇಲ್ಲದಿದ್ದರೆ ಬಿಡಿ.

ಈಗ ನಿಮ್ಮ ಅಂಕಿಗಳು. ಪ್ರೋಟೀನನ್ನು ತಲುಪಬೇಕಾದ ತೂಕದ ಮೇಲೆ ಲೆಕ್ಕ ಹಾಕೋಣ. 60 ಕೆ.ಜಿ. ಎಂದಿಟ್ಟುಕೊಂಡರೆ ಕೆ.ಜಿ.ಗೆ 1.2ರಿಂದ 1.5 ಗ್ರಾಂನಂತೆ ದಿನಕ್ಕೆ 72ರಿಂದ 90 ಗ್ರಾಂ. ನೀವು 85ರ ಆಸುಪಾಸು ಇಟ್ಟುಕೊಳ್ಳಿ. ನಾರಿನಂಶ ಕಳೆದು ಉಳಿಯುವ ಕಾರ್ಬ್ 30 ಗ್ರಾಂ ಒಳಗಿರಲಿ. ಹೆಚ್ಚಿನವರು 20ರಿಂದ 50 ಗ್ರಾಂ ನಡುವೆ, ದೇಹ ಕೊಬ್ಬನ್ನೇ ಮುಖ್ಯ ಇಂಧನವಾಗಿ ಉರಿಸುವ ಕೀಟೋಸಿಸ್‌ಗೆ ಹೋಗುತ್ತಾರೆ, 20ಕ್ಕೇ ಇಳಿಸಿ ತರಕಾರಿಯನ್ನೂ ಕಳೆದುಕೊಳ್ಳುವ ಹಟ ಬೇಡ. ಪ್ರೋಟೀನ್ ಮತ್ತು ಕಾರ್ಬ್ ಗ್ರಾಂಗೆ 4 ಕ್ಯಾಲೊರಿ, ಕೊಬ್ಬು 9. ದಿನಕ್ಕೆ 1500 ಕ್ಯಾಲೊರಿ ಎಂದಾದರೆ ಪ್ರೋಟೀನಿನ 340, ಕಾರ್ಬಿನ 120 ಕಳೆದು ಉಳಿಯುವುದು 1040, ಅಂದರೆ 115 ಗ್ರಾಂ ಕೊಬ್ಬು. ಈ 115 ಮುಟ್ಟಲೇಬೇಕಾದ ಸಂಖ್ಯೆಯಲ್ಲ. ಒಂದು ದಿನ 95ಕ್ಕೇ ಹೊಟ್ಟೆ ತುಂಬಿದರೆ, ಊಟದ ಲೆಕ್ಕ ಇಡುವ ಫೋನಿನ ಆ್ಯಪ್‌ನ ಬಣ್ಣದ ಪಟ್ಟಿ ಪೂರ್ತಿಯಾಗಲಿಲ್ಲವೆಂದು ರಾತ್ರಿ ಹತ್ತು ಗಂಟೆಗೆ ಒಂದು ಚಮಚ ಎಣ್ಣೆ ನುಂಗಬೇಡಿ.

ಅಂಕಿಯನ್ನು ತಟ್ಟೆಗೆ ಇಳಿಸಿ ನೋಡಿ. ಬೆಳಿಗ್ಗೆ ಬಾಣಲೆಗೆ ಒಂದು ದೊಡ್ಡ ಚಮಚ ಬೆಣ್ಣೆ, ಅದರಲ್ಲಿ 50 ಗ್ರಾಂ ಅಣಬೆ ಬಾಡಿಸಿ, ಎರಡು ಹಿಡಿ ಪಾಲಕ್ ಹಾಕಿ. 100 ಗ್ರಾಂ ಸೊಪ್ಪು ರಾಶಿಯಂತೆ ಕಾಣುತ್ತದೆ, ಎರಡು ನಿಮಿಷದಲ್ಲಿ ಮುಷ್ಟಿಯಷ್ಟಾಗುತ್ತದೆ. ನೀರು ಆರಿದ ಮೇಲೆ ಮೂರು ಮೊಟ್ಟೆ ಒಡೆದು ಹಾಕಿ, ಮೇಲೆ ಸ್ವಲ್ಪ ಚೀಸ್ ತುರಿದು ಮುಚ್ಚಿಡಿ. ಸುಮಾರು 27 ಗ್ರಾಂ ಪ್ರೋಟೀನ್, 4 ಗ್ರಾಂ ಕಾರ್ಬ್. ಮಧ್ಯಾಹ್ನ ಬೇಯಿಸಿದ ಕೋಳಿ 120 ಗ್ರಾಂ ಅಥವಾ ಸ್ವಲ್ಪ ಹೆಚ್ಚೇ ಮೀನು, ಎಣ್ಣೆಯಲ್ಲಿ ಕೆಂಪಗೆ ಹುರಿದ ಹೂಕೋಸು 200 ಗ್ರಾಂ, ಸೌತೆಕಾಯಿ, ಮೇಲೆ ನಿಂಬೆರಸ ಮತ್ತು ಆಲಿವ್ ಎಣ್ಣೆ. ಸುಮಾರು 34 ಗ್ರಾಂ ಪ್ರೋಟೀನ್, 9 ಗ್ರಾಂ ಕಾರ್ಬ್. ರಾತ್ರಿ 150 ಗ್ರಾಂ ಗಟ್ಟಿ ಟೋಫು, ಎಲೆಕೋಸು, ದಪ್ಪ ಮೆಣಸಿನಕಾಯಿ ಒಟ್ಟಿಗೆ ಹುರಿದು, ಪಕ್ಕದಲ್ಲಿ ಅರ್ಧ ಬಟ್ಟಲು ಗಟ್ಟಿ ಮೊಸರು. ಇನ್ನೊಂದು 28 ಗ್ರಾಂ ಪ್ರೋಟೀನ್, 13 ಗ್ರಾಂ ಕಾರ್ಬ್. ಸಂಜೆ ಹಸಿವಾದರೆ ಹದಿನೈದು ಬಾದಾಮಿ. ಎಲ್ಲ ಸೇರಿ ಪ್ರೋಟೀನ್ 90ರ ಹತ್ತಿರ, ಕಾರ್ಬ್ 30ರ ಒಳಗೆ, ಅರ್ಧ ಕೆ.ಜಿ.ಗೂ ಮಿಕ್ಕಿ ತರಕಾರಿ. ಎಷ್ಟು ದೊಡ್ಡ ಊಟ ನೋಡಿ! ಕೀಟೋ ಮಾಡುವವರು ಹಸಿದುಕೊಂಡಿರಬೇಕಾಗಿಲ್ಲ.

ಮಾಂಸ, ಮೀನು ತಿನ್ನದ ದಿನವಾದರೆ ಮಧ್ಯಾಹ್ನದ ಜಾಗಕ್ಕೆ ಮೊಟ್ಟೆ ಅಥವಾ ಟೋಫು ಬರಲಿ, ಚೀಸ್ ಸ್ವಲ್ಪ ಹೆಚ್ಚಲಿ. ಇಲ್ಲಿ ಬೇಳೆಕಾಳುಗಳ ಪ್ರಶ್ನೆ ಏಳುತ್ತದೆ. ಅವು ಒಳ್ಳೆಯ ಆಹಾರ, ಆದರೆ 100 ಗ್ರಾಂ ಬೇಯಿಸಿದ ಕಡಲೆಯಲ್ಲಿ ನಾರು ಕಳೆದೂ ಸುಮಾರು 20 ಗ್ರಾಂ ಕಾರ್ಬ್ ಇರುತ್ತದೆ. ಸೋಯಾ ಒಂದೇ ಇದಕ್ಕೆ ಹೊರತು. ಮೊಟ್ಟೆ, ಹಾಲಿನ ಉತ್ಪನ್ನ ಯಾವುದನ್ನೂ ತಿನ್ನದೆ ಕೀಟೋ ಮಾಡುತ್ತೇನೆ ಎಂದು ಬರುವವರಿಗೆ ನಾನು ಸಾಮಾನ್ಯವಾಗಿ ಬೇಡ ಎನ್ನುತ್ತೇನೆ. ಅಸಾಧ್ಯವಲ್ಲ, ಆದರೆ ಪ್ರೋಟೀನ್ ಗುರಿ ಮುಟ್ಟುವುದು ದಿನದಿನದ ಹೋರಾಟವಾಗುತ್ತದೆ, ಬಿ12 ಹೊರಗಿನಿಂದ ಬೇಕೇ ಬೇಕಾಗುತ್ತದೆ.

ಕಾರ್ಬ್ ಎಲ್ಲಿ ಸದ್ದಿಲ್ಲದೆ ಸೇರಿಕೊಳ್ಳುತ್ತದೆ ಅನ್ನುವುದು ಅನ್ನ, ಬ್ರೆಡ್, ಆಲೂಗಡ್ಡೆ ಬಿಟ್ಟವರಿಗೇ ಹೆಚ್ಚು ಮುಖ್ಯ. ಒಂದು ಸಾಧಾರಣ ಗಾತ್ರದ ಈರುಳ್ಳಿಯಲ್ಲಿ 8 ಗ್ರಾಂ. ಎರಡು ಈರುಳ್ಳಿ ಹೆಚ್ಚಿ ಗ್ರೇವಿ ಮಾಡಿದರೆ ದಿನದ ಮಿತಿಯ ಅರ್ಧ ಅಲ್ಲೇ ಮುಗಿಯಿತು. ಒಂದು ಲೋಟ ಹಾಲಿನಲ್ಲಿ 10 ಗ್ರಾಂ. ನಿಮ್ಮ ಗೋಡಂಬಿ 50 ಗ್ರಾಂಗೆ 13 ಗ್ರಾಂ. ಅದೇ ತೂಕದ ಬಾದಾಮಿ ಅಥವಾ ವಾಲ್‌ನಟ್‌ನಲ್ಲಿ 4ರಿಂದ 5 ಗ್ರಾಂ ಮಾತ್ರ. ಎಲ್ಲ ಬೀಜಗಳೂ ಒಂದೇ ಅಲ್ಲ. ಬಾಳೆಹಣ್ಣು, ಸೇಬು ಒಂದೊಂದೇ 20 ಗ್ರಾಂ ದಾಟುತ್ತವೆ. ಹಣ್ಣು ಬೇಕೆನಿಸಿದರೆ 100 ಗ್ರಾಂ ಸ್ಟ್ರಾಬೆರಿಗೆ 6 ಗ್ರಾಂ ಕೊಟ್ಟರೆ ಸಾಕು. ಬೆಣ್ಣೆಹಣ್ಣಿನಲ್ಲಿ 100 ಗ್ರಾಂಗೆ ಎರಡು ಗ್ರಾಂಗೂ ಕಡಿಮೆ, ನಾರು ಆರೂವರೆ ಗ್ರಾಂ. ಮಲಬದ್ಧತೆ ಇರುವ ನಿಮಗೆ ಅದಕ್ಕಿಂತ ಒಳ್ಳೆಯ ಹಣ್ಣಿಲ್ಲ.

ಬಿಸ್ಕತ್ತಿನ ವಿಷಯಕ್ಕೆ ಬರೋಣ. ಪೊಟ್ಟಣದ ಮುಂಭಾಗದಲ್ಲಿರುವ ದೊಡ್ಡ ಅಕ್ಷರಗಳನ್ನು ಬಿಟ್ಟು ಹಿಂದೆ ತಿರುಗಿಸಿ. ಮೊದಲು ‘ಒಂದು ಬಾರಿಗೆ’ ಎಂದು ಎಷ್ಟು ಗ್ರಾಂ ಹೇಳಿದ್ದಾರೆ ನೋಡಿ. ಬಹಳ ಸಲ ಅದು ಒಂದೇ ಬಿಸ್ಕತ್ತು, ನೀವು ತಿನ್ನುವುದು ನಾಲ್ಕು. ಆಮೇಲೆ ಪದಾರ್ಥಗಳ ಸಾಲಿನಲ್ಲಿ ಮಾಲ್ಟಿಟಾಲ್ ಇದೆಯೇ ಹುಡುಕಿ. ಇದು ಸಕ್ಕರೆಯ ಬದಲು ಹಾಕುವ ಸಿಹಿ. ತಯಾರಕರು ಇದನ್ನು ಪೂರ್ತಿ ಕಳೆದು ‘ಕಾರ್ಬ್ ಕಡಿಮೆ’ ಎಂದು ಬರೆಯುತ್ತಾರೆ, ಆದರೆ ಅದರ ಒಂದು ಭಾಗ ದೇಹಕ್ಕೆ ಸೇರಿ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಹೆಚ್ಚು ತಿಂದರೆ ಹೊಟ್ಟೆ ಉಬ್ಬರ, ಭೇದಿ ಬೇರೆ. ಎರಿಥ್ರಿಟಾಲ್ ಹಾಗಲ್ಲ, ಅದು ರಕ್ತದ ಸಕ್ಕರೆಯನ್ನು ಏರಿಸುವುದು ಇಲ್ಲವೆನ್ನುವಷ್ಟು ಕಡಿಮೆ. ಇನ್ನೊಂದು ಗೊಂದಲವೂ ಇದೆ. ಅಮೆರಿಕದ ಲೇಬಲ್‌ನಲ್ಲಿ ಒಟ್ಟು ಕಾರ್ಬ್ ಒಳಗೆ ನಾರು ಸೇರಿರುತ್ತದೆ, ನಾವು ಕಳೆಯಬೇಕು. ಯುರೋಪಿನ ಲೇಬಲ್‌ನಲ್ಲಿ ನಾರನ್ನು ಮೊದಲೇ ಬೇರೆ ಮಾಡಿರುತ್ತಾರೆ, ಮತ್ತೆ ಕಳೆದರೆ ಲೆಕ್ಕ ತಪ್ಪುತ್ತದೆ. ಆಮದಾದ ಪೊಟ್ಟಣ ಕೈಯಲ್ಲಿದ್ದಾಗ ಎಲ್ಲಿಯದೆಂದು ನೋಡಿಕೊಳ್ಳಿ. ನನ್ನ ಸಲಹೆ ಕೇಳಿದರೆ, ಮೊದಲ ಎರಡು ತಿಂಗಳು ಇಂಥ ತಿಂಡಿಗಳನ್ನು ಮನೆಗೇ ತರಬೇಡಿ. ಸಿಹಿಯ ಚಪಲ ಇಳಿಯುವುದಕ್ಕೆ ಅವು ಬಿಡುವುದಿಲ್ಲ.

ನಿಮ್ಮ ತಲೆನೋವು, ಸುಸ್ತು, ಸೆಳೆತ ಈ ಮೂರಕ್ಕೂ ಬಹುಮಟ್ಟಿಗೆ ಒಂದೇ ಮೂಲ ಇರಬಹುದು, ಉಪ್ಪಿನ ಕೊರತೆ. ಕಾರ್ಬ್ ಇಳಿದಾಗ ಇನ್ಸುಲಿನ್ ಇಳಿಯುತ್ತದೆ. ಇನ್ಸುಲಿನ್ ಇಳಿದಾಗ ಮೂತ್ರಪಿಂಡಗಳು ಸೋಡಿಯಂ ಹಿಡಿದಿಟ್ಟುಕೊಳ್ಳುವುದನ್ನು ಸಡಿಲಿಸುತ್ತವೆ, ಅದರ ಜೊತೆ ನೀರೂ ಹೋಗುತ್ತದೆ. ಮೊದಲ ವಾರದ ಮೂರು ಕೆ.ಜಿ.ಯಲ್ಲಿ ಹೆಚ್ಚಿನದು ಇದೇ. ಯಕೃತ್ತು ಮತ್ತು ಸ್ನಾಯುಗಳಲ್ಲಿ ಸುಮಾರು ಅರ್ಧ ಕೆ.ಜಿ. ಗ್ಲೈಕೊಜನ್ (ದೇಹ ಕೂಡಿಟ್ಟ ಸಕ್ಕರೆ) ಇರುತ್ತದೆ, ಅದರ ಪ್ರತಿ ಗ್ರಾಂ ಮೂರು ಗ್ರಾಂನಷ್ಟು ನೀರನ್ನು ಹಿಡಿದಿರುತ್ತದೆ. ಆ ದಾಸ್ತಾನು ಬಹುಪಾಲು ಖಾಲಿಯಾಗುವಾಗ ತಕ್ಕಡಿ ಜರ್ರನೆ ಇಳಿಯುತ್ತದೆ. ನಂತರದ ಎರಡು ವಾರ ನಿಂತಂತೆ ಕಂಡದ್ದು ಸಹಜ. ಇನ್ನು ಮುಂದೆ ವಾರಕ್ಕೆ ಅರ್ಧ ಕೆ.ಜಿ. ಇಳಿದರೂ ಅದು ಒಳ್ಳೆಯ ವೇಗ. ನೀವು ಬಿಪಿ ಇಲ್ಲ, ಮಾತ್ರೆ ಇಲ್ಲ ಎಂದಿರುವುದರಿಂದ ಹೇಳುತ್ತೇನೆ: ಅಡುಗೆಗೆ ಧಾರಾಳವಾಗಿ ಉಪ್ಪು ಹಾಕಿ, ದಿನಕ್ಕೊಮ್ಮೆ ಉಪ್ಪು ಹಾಕಿದ ಬಿಸಿ ಸೂಪ್ ಕುಡಿಯಿರಿ, ವಿಶೇಷವಾಗಿ ಮಧ್ಯಾಹ್ನ ತಲೆ ಭಾರವಾಗುವ ಹೊತ್ತಿಗೆ. ತಲೆನೋವು ಅರ್ಧ ಗಂಟೆಯಲ್ಲಿ ಇಳಿದರೆ ಕಾರಣ ಸಿಕ್ಕಿದಂತೆಯೇ. ಪೊಟ್ಯಾಸಿಯಂಗೆ ಸೊಪ್ಪು, ಅಣಬೆ, ಬೆಣ್ಣೆಹಣ್ಣು. ಮೆಗ್ನೀಸಿಯಂಗೆ ಬಾದಾಮಿ, ಕುಂಬಳಬೀಜ, ಪಾಲಕ್. ಪೊಟ್ಯಾಸಿಯಂ ಮಾತ್ರೆಯನ್ನು ನೀವಾಗಿಯೇ ಕೊಂಡು ನುಂಗಬೇಡಿ, ಅದು ಹೆಚ್ಚಾದರೆ ಹೃದಯದ ಬಡಿತಕ್ಕೇ ತೊಂದರೆ. ಎರಡು ವಾರದ ನಂತರವೂ ಸುಸ್ತು ಹಾಗೇ ಇದ್ದರೆ ಕೀಟೋ ಮೇಲೆ ಹೊರಿಸಿ ಸುಮ್ಮನಾಗದೆ ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

ಮಲಬದ್ಧತೆಗೆ ಮೇಲಿನ ತರಕಾರಿಯ ಪ್ರಮಾಣವೇ ಮದ್ದು. ಜೊತೆಗೆ ಎರಡು ದೊಡ್ಡ ಚಮಚ ಅಗಸೆಬೀಜದ ಪುಡಿಯನ್ನು ಮೊಸರಿಗೆ ಕಲಸಿ. ನಾಲ್ಕು ಗ್ರಾಂನಷ್ಟು ನಾರು ಸಿಗುತ್ತದೆ, ಕಾರ್ಬ್ ಲೆಕ್ಕಕ್ಕೇ ಬರುವುದಿಲ್ಲ. ನೀರು ಸಾಕಷ್ಟು ಕುಡಿಯದೆ ನಾರು ಮಾತ್ರ ಹೆಚ್ಚಿಸಿದರೆ ತೊಂದರೆ ಜಾಸ್ತಿಯಾಗುತ್ತದೆ.

ಸಂಜೆಯ ತಲೆಬಿಸಿಯೇ ನಿಮ್ಮ ಪ್ರಶ್ನೆಯ ಹೃದಯ ಎಂದು ನನಗನಿಸುತ್ತದೆ. ಬಹಳ ಜನ ಕೀಟೋ ಬಿಡುವುದು ಅನ್ನದ ಆಸೆಗಲ್ಲ, ಏಳು ಗಂಟೆಗೆ ದಣಿದು ಅಡುಗೆಮನೆಗೆ ಬಂದಾಗ ಏನೂ ಸಿದ್ಧವಿಲ್ಲದ್ದಕ್ಕೆ. ಹೊಸ ಹೊಸ ರೆಸಿಪಿ ಹುಡುಕುವುದು ಇದಕ್ಕೆ ಪರಿಹಾರವಲ್ಲ. ಬೆಳಗಿನ ತಿಂಡಿ ಎರಡು ಬಗೆ, ಮಧ್ಯಾಹ್ನದ್ದು ಮೂರು, ರಾತ್ರಿಯದು ನಾಲ್ಕು, ಇಷ್ಟನ್ನು ಗಟ್ಟಿ ಮಾಡಿಕೊಳ್ಳಿ. ಒಂದೊಂದರ ಲೆಕ್ಕವನ್ನು ಒಮ್ಮೆ ತೂಗಿ ಬರೆದಿಟ್ಟರೆ ದಿನಾ ಆ್ಯಪ್ ತೆರೆಯುವ ಕೆಲಸವೂ ತಪ್ಪುತ್ತದೆ. ಬೇಸರ ಬರಬಹುದಲ್ಲ ಎಂದು ಕೇಳುತ್ತಾರೆ. ಮಸಾಲೆ ಬದಲಾದರೆ ಅದೇ ಹೂಕೋಸು ಬೇರೆ ಊಟವಾಗುತ್ತದೆ. ಒಂದು ದಿನ ಬೆಳ್ಳುಳ್ಳಿ ಬೆಣ್ಣೆ, ಒಂದು ದಿನ ತೆಂಗಿನ ಹಾಲು, ಇನ್ನೊಂದು ದಿನ ಎಳ್ಳೆಣ್ಣೆ ಮತ್ತು ಒಣಮೆಣಸು.

ವಾರಕ್ಕೊಮ್ಮೆ ಒಂದೂವರೆ ಗಂಟೆ ಕೊಡಿ. ಹತ್ತು ಮೊಟ್ಟೆ ಬೇಯಿಸಿ, ಸಿಪ್ಪೆ ಸುಲಿಯದೆ ಫ್ರಿಜ್‌ನಲ್ಲಿಟ್ಟರೆ ಒಂದು ವಾರ ಇರುತ್ತವೆ. ಬೇಯಿಸಿದ ಕೋಳಿ, ಹುರಿದ ತರಕಾರಿ ಮೂರು ದಿನಕ್ಕಾಗುವಷ್ಟು ಮಾತ್ರ ಮಾಡಿ, ಅದಕ್ಕಿಂತ ಹೆಚ್ಚು ಇಡಬೇಡಿ. ಉಳಿದ ದಿನಗಳದ್ದನ್ನು ಹಸಿಯಾಗಿಯೇ ಫ್ರೀಜರ್‌ನಲ್ಲಿಡಿ. ಹೂಕೋಸನ್ನು ಅಕ್ಕಿಕಾಳಿನಷ್ಟು ಸಣ್ಣಗೆ ತುರಿದು, ಒಂದೊಂದು ಊಟದ ಅಳತೆಗೆ ಚೀಲ ಕಟ್ಟಿ ಫ್ರೀಜ್ ಮಾಡಿ. ಬೇಕಾದಾಗ ಕರಗಿಸದೆ ನೇರ ಬಿಸಿ ಬಾಣಲೆಗೆ ಸುರಿಯಿರಿ. ಮುಚ್ಚಳ ಹಾಕಬಾರದು, ಹಾಕಿದರೆ ಆವಿ ಒಳಗೇ ಉಳಿದು ಮುದ್ದೆಯಾಗುತ್ತದೆ. ತೆರೆದಿಟ್ಟು ಜೋರು ಉರಿಯಲ್ಲಿ ಐದಾರು ನಿಮಿಷ ಕೈಯಾಡಿಸಿದರೆ ಉದುರುದುರಾಗಿ ಬರುತ್ತದೆ, ಉಪ್ಪು ಕೊನೆಗೆ. ಇನ್ನು ಏನೂ ಆಗದ ದಿನಕ್ಕೆಂದೇ ಒಂದು ಊಟ ಮೀಸಲಿರಲಿ. ಡಬ್ಬಿಯ ಮೀನು, ಬೇಯಿಸಿದ ಮೊಟ್ಟೆ, ಸೌತೆ, ಮೇಲೊಂದಿಷ್ಟು ಎಣ್ಣೆ, ನಿಂಬೆ. ಹತ್ತು ನಿಮಿಷವೂ ಬೇಡ. ಆ ಪದಾರ್ಥಗಳು ಮನೆಯಲ್ಲಿ ಯಾವತ್ತೂ ಮುಗಿಯದಂತೆ ನೋಡಿಕೊಳ್ಳಿ.

ಎರಡೆರಡು ಅಡುಗೆಯನ್ನು ಈ ವಾರವೇ ನಿಲ್ಲಿಸಿ. ಎಲ್ಲರಿಗೂ ಒಂದೇ ಪಲ್ಯ, ಒಂದೇ ಮೀನು ಅಥವಾ ಮೊಟ್ಟೆಯ ಸಾರು ಮಾಡಿ. ಈರುಳ್ಳಿ ಕಡಿಮೆ, ಗಟ್ಟಿಯಾಗಲು ಹಿಟ್ಟು ಬೇಡ, ಸಕ್ಕರೆ ಬೇಡ. ಅವರ ತಟ್ಟೆಗೆ ಅನ್ನ ಅಥವಾ ಬ್ರೆಡ್, ನಿಮ್ಮ ತಟ್ಟೆಗೆ ಹೂಕೋಸಿನ ತುರಿ ಅಥವಾ ಇನ್ನಷ್ಟು ಪಲ್ಯ. ಬೆಳೆಯುವ ಮಕ್ಕಳಿಗೆ ನಿಮ್ಮ ಪಥ್ಯ ಬೇಡವೇ ಬೇಡ. ಹೊರಗೆ ತಿನ್ನಬೇಕಾದಾಗ ಸುಟ್ಟ ಮಾಂಸ, ಮೀನು ಅಥವಾ ಮೊಟ್ಟೆಯ ಜೊತೆ ಸಲಾಡ್ ಕೇಳಿ, ಸಾಸ್ ಪಕ್ಕಕ್ಕಿರಲಿ.

ಕೊಬ್ಬನ್ನು ಆರಿಸುವಾಗಲೂ ಬೆಣ್ಣೆ, ಕ್ರೀಮ್, ತೆಂಗಿನೆಣ್ಣೆಗಳೇ ಎಲ್ಲ ಆಗಬಾರದು. ಕೆಲವರಲ್ಲಿ ಕೀಟೋ ಶುರುಮಾಡಿದ ಮೇಲೆ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ ಗಣನೀಯವಾಗಿ ಏರುತ್ತದೆ. ತೂಕ ಇಳಿಯುತ್ತಿದೆ ಎಂದು ಅದನ್ನು ಕಡೆಗಣಿಸುವುದನ್ನು ನಾನು ಒಪ್ಪುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಕೊಬ್ಬು ಆಲಿವ್ ಎಣ್ಣೆ, ಬೀಜಗಳು, ಬೆಣ್ಣೆಹಣ್ಣು, ವಾರಕ್ಕೆರಡು ಸಲ ಜಿಡ್ಡಿನ ಮೀನು ಇವುಗಳಿಂದ ಬರಲಿ. ಆ ಬೆಣ್ಣೆ ಕಾಫಿ ಬಿಡಿ. ಕಾಫಿ ಬೇಕಾದರೆ ಒಂದು ಚಮಚ ಕ್ರೀಮ್ ಹಾಕಿ ಕುಡಿಯಿರಿ, ಬೆಳಿಗ್ಗೆ ಮೊಟ್ಟೆ ತಿನ್ನಿ.

ಕೀಟೋನ್ ಅಳೆಯುವ ಪಟ್ಟಿಗೆ ದುಡ್ಡು ಹಾಕಬೇಕಿಲ್ಲ. ರಕ್ತದಲ್ಲಿ ಲೀಟರಿಗೆ 0.5ರಿಂದ 3 ಮಿಲಿಮೋಲ್ ಕೀಟೋನ್ ಇದ್ದರೆ ಪಥ್ಯದ ಕೀಟೋಸಿಸ್ ಎನ್ನುತ್ತಾರೆ. ಆದರೆ ಅಂಕಿ ಹೆಚ್ಚಾದಷ್ಟೂ ಕೊಬ್ಬು ಹೆಚ್ಚು ಕರಗುತ್ತಿದೆ ಎಂದಲ್ಲ, ಬೆಣ್ಣೆ ಕುಡಿದರೂ ಅದು ಏರುತ್ತದೆ. ಮೂತ್ರದ ಪಟ್ಟಿಗಳ ಬಣ್ಣ ವಾರಗಳು ಕಳೆದಂತೆ ಮಸುಕಾಗುವುದೂ ಉಂಟು, ಗಾಬರಿಯಾಗಬೇಡಿ. ಸೊಂಟದ ಸುತ್ತಳತೆ ತೆಗೆದು ಬರೆದಿಡಿ, ಅದು ಹೆಚ್ಚು ನಂಬಬಹುದಾದ ಸಾಕ್ಷಿ.

ನಿಮಗೆ ಕೊಟ್ಟ ಈ ಉತ್ತರ ಓದಿ ಇನ್ನೊಬ್ಬರು ಕೀಟೋ ಶುರುಮಾಡಬಹುದು, ಅವರಿಗಾಗಿ ಇದನ್ನು ಹೇಳಲೇಬೇಕು. ಇನ್ಸುಲಿನ್ ಅಥವಾ ಸಲ್ಫೊನಿಲ್‌ಯೂರಿಯಾ ಗುಂಪಿನ ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ಏಕಾಏಕಿ ಕಾರ್ಬ್ ಇಳಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಹೆಸರು ‘ಗ್ಲಿಫ್ಲೊಜಿನ್’ ಎಂದು ಮುಗಿಯುವ ಮಾತ್ರೆ ತೆಗೆದುಕೊಳ್ಳುವವರಲ್ಲಿ, ಸಕ್ಕರೆ ಮಟ್ಟ ತೀರಾ ಹೆಚ್ಚಿರದಿದ್ದಾಗಲೂ ಕೀಟೊಆಸಿಡೋಸಿಸ್ (ಕೀಟೋನ್ ಮಿತಿಮೀರಿ ರಕ್ತ ಆಮ್ಲೀಯವಾಗುವುದು) ಆಗಬಹುದು, ಅದು ಪ್ರಾಣಕ್ಕೇ ಸಂಚಕಾರ. ಅವರು ಇದನ್ನು ಮಾಡಲೇಬಾರದು. ಬಿಪಿ ಮಾತ್ರೆ ಇರುವವರಿಗೆ ಡೋಸ್ ಬದಲಿಸಬೇಕಾಗಿ ಬರುತ್ತದೆ. ಗರ್ಭಿಣಿಯರು, ಹಾಲೂಡಿಸುವವರು, ಮೂತ್ರಪಿಂಡ ಅಥವಾ ಮೇದೋಜೀರಕ ಗ್ರಂಥಿಯ ಕಾಯಿಲೆ ಇರುವವರು, ಊಟದ ಬಗ್ಗೆ ಮನಸ್ಸಿನ ಕಾಯಿಲೆ ಅನುಭವಿಸಿದವರು ವೈದ್ಯರನ್ನು ಕೇಳದೆ ಕೈಹಾಕಬೇಡಿ.

ಎಷ್ಟು ಕಾಲ ಎಂಬ ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ: ಮೊದಲಿಗೆ 12 ವಾರ. ಈಗಲೇ ಒಮ್ಮೆ, 12 ವಾರದ ಕೊನೆಗೆ ಇನ್ನೊಮ್ಮೆ ಕೊಲೆಸ್ಟ್ರಾಲ್, ಮೂತ್ರಪಿಂಡ, ಯಕೃತ್ತು, ಯೂರಿಕ್ ಆಮ್ಲದ ಪರೀಕ್ಷೆ ಮಾಡಿಸಿ. 2018ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರನ್ನು ಒಂದು ವರ್ಷ ಗಮನಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾರ್ಬ್ ಇಳಿಸಿದವರು ಸರಾಸರಿ 6 ಕೆ.ಜಿ., ಕೊಬ್ಬು ಇಳಿಸಿದವರು 5.3 ಕೆ.ಜಿ. ಕಳೆದುಕೊಂಡಿದ್ದರು. ಲೆಕ್ಕಕ್ಕೆ ಬರುವ ವ್ಯತ್ಯಾಸ ಇರಲಿಲ್ಲ. ಅದು ಕಟ್ಟುನಿಟ್ಟಿನ ಕೀಟೋ ಆಗಿರಲಿಲ್ಲ, ಆದರೂ ನಿಮ್ಮ ನಿರ್ಧಾರಕ್ಕೆ ಅದು ಸಹಾಯಕ್ಕೆ ಬರುತ್ತದೆ. 12 ವಾರದ ನಂತರ ಈ ಊಟ ನಿಮಗೆ ಒಗ್ಗಿದ್ದರೆ, ರಕ್ತದ ವರದಿ ಚೆನ್ನಾಗಿದ್ದರೆ ಮುಂದುವರಿಸಿ. ಒಗ್ಗದಿದ್ದರೆ ಬಿಡಿ, ಬೇರೆ ದಾರಿಗಳಿವೆ.

ಬಿಡುವಾಗ ಒಮ್ಮೆಗೇ ಅನ್ನ, ಸಿಹಿಗೆ ಹಿಂತಿರುಗಬೇಡಿ. ಪ್ರೋಟೀನ್ ಮತ್ತು ತರಕಾರಿ ಹಾಗೇ ಇರಲಿ. ವಾರಕ್ಕೆ 10 ಗ್ರಾಂನಷ್ಟು ಕಾರ್ಬ್ ಏರಿಸಿ. ಮೊದಲು ಕಾಳುಗಳು ಮತ್ತು ಹಣ್ಣು, ಆಮೇಲೆ ತೌಡು ತೆಗೆಯದ ಧಾನ್ಯ. ಅದೇ ಪ್ರಮಾಣದಲ್ಲಿ ಎಣ್ಣೆ, ಬೆಣ್ಣೆ ಇಳಿಸುತ್ತಾ ಬನ್ನಿ. ಮೊದಲ ಹದಿನೈದು ದಿನದಲ್ಲಿ ತಕ್ಕಡಿ ಒಂದೆರಡು ಕೆ.ಜಿ. ಮೇಲೆ ತೋರಿಸುತ್ತದೆ. ಅದು ಗ್ಲೈಕೊಜನ್ ಜೊತೆ ಹಿಂತಿರುಗಿದ ನೀರು. ಸೊಂಟದ ಅಳತೆ ಹಾಗೇ ಇದ್ದರೆ ಊಟದಲ್ಲಿ ಏನನ್ನೂ ಬದಲಿಸಬೇಡಿ.